ಅಜ್ಜನ ಮಸಿ ಬಸ್ಸು

ನಮ್ಮ ನಿಟ್ಟೆ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಇಂಜಿನಿಯರಿಂಗ್ ಕಾಲೇಜು. ಅದು ಬಂದದ್ದು 1986ರಲ್ಲಿ. ಅಜ್ಜನ ಬಾಲ್ಯದಲ್ಲಿ ಮಂಗಳೂರಿಗೆ ಹೋಗಬೇಕಿದ್ದರೆ ಅತ್ತೂರು ದಾಟಿ ಕಾರ್ಕಳದವರೆಗೆ ನಡೆದು, ಅಲ್ಲಿ ಬಸ್ಸು ಹಿಡಿಯಬೇಕಿತ್ತಂತೆ. ಆ ಬಸ್ಸೇ ಮಸಿ ಬಸ್ಸು. (ನಮ್ಮ ಕಡೆ ಮಸಿ ಅಂದರೆ ಇದ್ದಿಲು. ಘಟ್ಟದ ಮೇಲಿನವರು ಇಂಕು ಅಂದುಕೊಳ್ಳಬೇಡಿ!)

"ಬಸ್ಸಿನ ಹಿಂದೆ ಒಂದು ದೊಡ್ಡ ಹಂಡೆ ಮಾರಾಯ. ಕ್ಲೀನರ್ ಬೆಳಿಗ್ಗೆ ಬೇಗ ಬಂದು ಅದಕ್ಕೆ ಮಸಿ ತುಂಬಿಸಿ, ಬೆಂಕಿ ಕೊಟ್ಟು, ಫ್ಯಾನು ತಿರುಗಿಸಬೇಕು. ನಾವು ಚಾ ಕುಡಿದು ಬಂದ್ರೂ ಅವ ತಿರುಗಿಸ್ತಾ ಇರ್ತಿದ್ದ. ಏರು ಬಂದ್ರೆ ಎಲ್ಲರೂ ಇಳಿದು ದೂಡಬೇಕು. ಟಿಕೆಟಿಗೆ ದುಡ್ಡೂ ಕೊಡ್ಬೇಕು, ದೂಡ್ಲೂ ಬೇಕು!" ಅಂತ ಅಜ್ಜ ನಗುತ್ತಿದ್ದರು.

ಇದು ಎರಡನೇ ಮಹಾಯುದ್ಧದ ಕಾಲದ ಮಾತು. 1941ರಲ್ಲಿ ಬ್ರಿಟಿಷ್ ಸರಕಾರ ಪೆಟ್ರೋಲಿಗೆ ರೇಷನ್ ತಂದಿತು. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದ ಮೇಲೆ ಅಲ್ಲಿನ ಎಣ್ಣೆಯೂ ಕೈತಪ್ಪಿತು. ಬಸ್ಸು ಓಡಬೇಕಾದರೆ ಬೇರೆ ದಾರಿ ಬೇಕಿತ್ತು. ಯುರೋಪಿನಲ್ಲೂ ಅದೇ ಪಾಡು. ಫ್ರಾನ್ಸಿನಲ್ಲಿ ಜಾರ್ಜ್ ಇಂಬರ್ಟ್ ಎಂಬಾತ 1920ರ ದಶಕದಲ್ಲೇ ಕಟ್ಟಿಗೆ ಗ್ಯಾಸಿನಿಂದ ಲಾರಿ ಓಡಿಸಿ ತೋರಿಸಿದ್ದ. ಯುದ್ಧ ಶುರುವಾದಾಗ ಸ್ವೀಡನ್ ಒಂದರಲ್ಲೇ ಹತ್ತಾರು ಸಾವಿರ ವಾಹನಗಳು ಹೀಗೆ ಓಡಿದವು. ನಮ್ಮ ದಕ್ಷಿಣ ಕನ್ನಡದ ಬಸ್ಸುಗಳ ಬೆನ್ನಿಗೂ ಹಂಡೆ ಬಂತು.

ಹಂಡೆಯೊಳಗೆ ಆಗುವುದೇನು? ಇದ್ದಿಲಿಗೆ ಬೇಕಾದಷ್ಟು ಗಾಳಿ ಕೊಟ್ಟರೆ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಕಡಿಮೆ ಕೊಟ್ಟು, ಆ ಹೊಗೆಯನ್ನೇ ಕೆಂಪಗೆ ಕಾದ ಕೆಂಡದ ನಡುವಿನಿಂದ ಎಳೆದರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದು ಉರಿಯುವ ಗ್ಯಾಸು. ಶೆಗಡಿಯ ಕೆಂಡದ ಮೇಲೆ ನೀಲಿ ನಾಲಗೆ ಆಡುವುದನ್ನು ನೋಡಿದ್ದೀರಲ್ಲ, ಅದು ಇದೇ. ಮಸಿ ಬಸ್ಸಿನ ಗ್ಯಾಸಿನಲ್ಲಿ ಸುಮಾರು ಕಾಲು ಭಾಗ ಇದು, ಅರ್ಧಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದ ಸಾರಜನಕ. ಅದಕ್ಕೇ ಇಂಜಿನ್ನಿಗೆ ಕಸುವಿಲ್ಲ, ಅದಕ್ಕೇ ಅಜ್ಜ ಇಳಿದು ದೂಡಿದ್ದು. 1923ರಲ್ಲಿ ಭದ್ರಾವತಿಯ ಕುಲುಮೆ ಮಲೆನಾಡಿನ ಇದ್ದಿಲಿನಿಂದ ಕಬ್ಬಿಣ ಮಾಡಲು ಶುರುಮಾಡಿದಾಗ, ಅದಿರಿನಿಂದ ಆಮ್ಲಜನಕ ಕಿತ್ತುಕೊಂಡು ಕಬ್ಬಿಣ ಬಿಡಿಸಿದ್ದೂ ಮುಖ್ಯವಾಗಿ ಇದೇ ಗ್ಯಾಸು.

ಕೆಲಸಗಾರ ಗ್ಯಾಸು, ಆದರೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಮ್ಮ ಹಿಂದಿನ ಕಾರ್ಖಾನೆ ಕಾಯಿದೆ ಪ್ರಕಾರ ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ ಸರಾಸರಿ 50 ಪಾಲಿಗಿಂತ ಹೆಚ್ಚು ಇರಬಾರದಿತ್ತು. ಬಸ್ಸಿನ ಹಂಡೆಯಲ್ಲಿದ್ದದ್ದು ಅದರ ಐದು ಸಾವಿರ ಪಟ್ಟು! ಗಾಳಿಯಲ್ಲಿ ಶೇಕಡ 12.5ರಿಂದ 74ರವರೆಗೆ ಇದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಮಸಿ ತುಂಬಿಸಲು ಮುಚ್ಚಳ ತೆಗೆಯುವವನು ಮುಖ ಆಚೆ ತಿರುಗಿಸಬೇಕಿದ್ದದ್ದು ಇದಕ್ಕೆ.

ಒಂದು ವಿಚಿತ್ರ ನೋಡಿ. ಬಸ್ಸು ಓಡುವಾಗ ಅಪಾಯ ಕಡಿಮೆ. ಇಂಜಿನ್ ಗ್ಯಾಸನ್ನು ಎಳೆದುಕೊಳ್ಳುವುದರಿಂದ, ಪೈಪಿನಲ್ಲಿ ತೂತಿದ್ದರೂ ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಗ್ಯಾಸು ಹೊರಗೆ ಬರುವುದಿಲ್ಲ. ಬಸ್ಸು ನಿಂತ ಮೇಲೆ ಕಷ್ಟ. ಒಳಗೆ ಕೆಂಡ ಇನ್ನೂ ಬಿಸಿ, ಗ್ಯಾಸು ಹುಟ್ಟುತ್ತಲೇ ಇರುತ್ತದೆ, ಎಳೆಯುವವರು ಯಾರೂ ಇಲ್ಲ. ಹಾಗಾಗಿ ಇಂಥ ಗಾಡಿಯನ್ನು ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಬಾರದು, ಅದರಲ್ಲಿ ಮಲಗಲೇಬಾರದು.

ಅಜ್ಜ ಹೇಳುತ್ತಿದ್ದ ಕ್ಲೀನರ್ ಬಸ್ಸಿನಲ್ಲೇ ಮಲಗುತ್ತಿದ್ದನಂತೆ. ಸದಾ ತಲೆನೋವು, ವಾಂತಿ. ಒಂದು ಮಳೆಗಾಲದ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಹೊರಗೆ ಎಳೆದು ಹಾಕಿ ಎಷ್ಟೋ ಹೊತ್ತಿನ ಮೇಲೆ ಎಚ್ಚರವಾಯಿತಂತೆ. ಯಾವುದೋ ಸೋಂಕು ಅಂತ ನೂಲು ಕಟ್ಟಿಸಿದರು. ಆಮೇಲೆ ಅವನು ಬಸ್ಸಿನ ಕೆಲಸಕ್ಕೆ ಬರಲಿಲ್ಲ.

ಯುದ್ಧ ಮುಗಿದು ಪೆಟ್ರೋಲು ಬಂತು, ಹಂಡೆಗಳು ಗುಜರಿಗೆ ಹೋದವು. ಮುಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು ಇದೇ ವಿದ್ಯೆಯನ್ನು ತಿದ್ದಿ, 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆ ಗ್ಯಾಸಿನಿಂದ ಕರೆಂಟು ಮಾಡಿದರು.

ನನಗೆ ಈ ಗ್ಯಾಸಿನ ಪರಿಚಯವಾದದ್ದು ಮಾತ್ರ 2009ರಲ್ಲಿ, ಬೆಂಗಳೂರಿನ ಬಾಡಿಗೆ ಮನೆಯ ಬಚ್ಚಲಲ್ಲಿ. ಗ್ಯಾಸ್ ಗೀಸರ್ ಒಳಗೇ ಇತ್ತು, ಚಳಿಗೆ ಕಿಟಕಿ ಮುಚ್ಚಿತ್ತು. ತಮ್ಮ ಸ್ನಾನಕ್ಕೆ ಹೋದವನು ಕರೆದರೆ ಓಗೊಡಲಿಲ್ಲ. ಬಾಗಿಲು ಒಡೆದು, ಉಸಿರು ಬಿಗಿಹಿಡಿದು ಎಳೆದುಕೊಂಡು ಬಂದೆವು. (ಒಳಗೆ ಹೋಗಿ ಅಲ್ಲೇ ಉಪಚಾರಕ್ಕೆ ಕೂತರೆ ಇಬ್ಬರೂ ಬೀಳುತ್ತೇವೆ. ಮೊದಲು ಹೊರಗಿನ ಗಾಳಿ, ಆಮೇಲೆ ಉಳಿದದ್ದು.) ಆಸ್ಪತ್ರೆಯಲ್ಲಿ ಬೆರಳಿಗೆ ಹಾಕುವ ಕ್ಲಿಪ್ಪು ಆಮ್ಲಜನಕ 98 ಅಂತ ತೋರಿಸುತ್ತಿತ್ತು. ಅದಕ್ಕೆ ಈ ಎರಡು ಗ್ಯಾಸುಗಳ ವ್ಯತ್ಯಾಸ ತಿಳಿಯುವುದಿಲ್ಲವಂತೆ. ಡಾಕ್ಟರು ಅದನ್ನು ನಂಬದೆ ರಕ್ತ ಪರೀಕ್ಷೆಗೆ ಕಳಿಸಿ, ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಸಂಜೆಗೆ ಕಣ್ಣುಬಿಟ್ಟು ತಿಂಡಿ ಕೇಳಿದ. ಮರುದಿನವೇ ಗೀಸರನ್ನು ಹಿತ್ತಿಲ ಗೋಡೆಗೆ, ಬಯಲಿಗೆ ಹಾಕಿಸಿದೆವು.

ರಾತ್ರಿ ಊರಿಗೆ ಫೋನ್ ಮಾಡಿ ಅಜ್ಜನಿಗೆ ಎಲ್ಲ ಹೇಳಿದೆ. ಅದು ನಿಮ್ಮ ಮಸಿ ಬಸ್ಸಿನ ಗ್ಯಾಸೇ ಅಂತ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು...

"ಹಾಗಾದ್ರೆ ಆ ಕ್ಲೀನರಿಗೆ ಆದದ್ದೂ ಇದೇನಾ?"