ಬೆಟ್ಟ, ಬುತ್ತಿ ಮತ್ತು ರೇಡಿಯೋ

ಭದ್ರಾವತಿ ಓಲ್ಡ್ ಟೌನಿನ ನಮ್ಮಂಥವರಿಗೆ ಕೆಮ್ಮಣ್ಣುಗುಂಡಿ ಅಂದ್ರೆ ಬರೀ ಪಿಕ್ನಿಕ್ ಜಾಗ ಅಲ್ಲ. 1923ರಲ್ಲಿ ಕೆಲಸ ಶುರು ಮಾಡಿದ ನಮ್ಮೂರಿನ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಅಲ್ಲಿಂದ. ಬೆಟ್ಟದಿಂದ ತಣಿಗೆಬೈಲಿನವರೆಗೆ ರೋಪ್‌ವೇ, ಅಲ್ಲಿಂದ ಊರಿಗೆ ಟ್ರಾಮ್ ಹಳಿ. ಆ ಎತ್ತರ ಆಗ ಅದಿರು ಇಳಿಸೋಕೆ ಉಪಯೋಗ ಆಯ್ತು.

ಈಗ ನನ್ನಂಥ ಹ್ಯಾಮ್‌ಗಳಿಗೆ, ಅಂದ್ರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರಿಗೆ, ಅದೇ ಎತ್ತರ ಮಾತು ಕಳಿಸೋಕೆ ಬೇಕು. 144-146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಮ್ಮಿ ನೇರವಾಗಿ ಹೋಗುತ್ತವೆ. ಊರೊಳಗೆ ಕೆಲವೇ ಕಿಲೋಮೀಟರಿಗೆ ಸುಸ್ತಾಗೋ 5 ವಾಟಿನ ಕೈಸೆಟ್ಟು, ಅಡ್ಡ ಏನೂ ಇಲ್ಲದಿದ್ದರೆ ಬೆಟ್ಟದಿಂದ ನೂರು ಕಿಲೋಮೀಟರ್ ಮುಟ್ಟಬಲ್ಲದು. ಇದನ್ನೇ ಆಟ ಮಾಡಿ 2002ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಹ್ಯಾಮ್‌ಗಳು ‘ಸಮಿಟ್ಸ್ ಆನ್ ದಿ ಏರ್’ ಶುರು ಮಾಡಿದರು. ಸೆಟ್ಟು ಹೊತ್ತು ಬೆಟ್ಟ ಹತ್ತಬೇಕು, ತುದಿಯಿಂದ ಕನಿಷ್ಠ ನಾಲ್ಕು ಸ್ಟೇಷನ್ ಜೊತೆ ಮಾತಾಡಿದರೆ ಪಾಯಿಂಟು!

ಮನೆಯವರೆಲ್ಲ ಕೆಮ್ಮಣ್ಣುಗುಂಡಿಗೆ ಹೋದಾಗ ಚಿತ್ರಾನ್ನದ ಡಬ್ಬಿ ಪಕ್ಕ ನನ್ನ ಸೆಟ್ಟು ನೋಡಿ ಅಮ್ಮ ಕೇಳಿದ್ರು, “ಮೊಬೈಲ್ ಇರುವಾಗ ಇದ್ಯಾಕೋ?”

ಅದಕ್ಕೆ ಉತ್ತರ 2004ರಲ್ಲೇ ಸಿಕ್ಕಿದೆ. ಹ್ಯಾಮ್ ಹವ್ಯಾಸಕ್ಕೆಂದೇ ಭಾರತಿ ಪ್ರಸಾದ್ ತಂಡದ ಜೊತೆ ಪೋರ್ಟ್ ಬ್ಲೇರ್‌ಗೆ ಹೋಗಿದ್ರು. ಡಿಸೆಂಬರ್ 26ರಂದು ಸುನಾಮಿ ಬಂದು ಫೋನುಗಳು ಸತ್ತಾಗ, ಅಂಡಮಾನಿನ ಜನರ ಕ್ಷೇಮಸಮಾಚಾರ ಅವರ ಸೆಟ್ಟಿನಿಂದ ಹೊರಗಿನವರಿಗೆ ಮುಟ್ಟಿತು.

ಟವರ್ ಇಲ್ಲದೆ, ಬರೀ ಬ್ಯಾಟರಿಯಲ್ಲಿ ಸುದ್ದಿ ದಾಟಿಸೋದಕ್ಕೆ ಕೈ ಪಳಗಿರಬೇಕು ಕಣ್ರೀ. ಬೆಟ್ಟದ ಪಿಕ್ನಿಕ್ಕಿನಲ್ಲಿ ಆಗೋದು ಅದೇ ಅಭ್ಯಾಸ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆ ಬರೆದು ಲೈಸೆನ್ಸ್ ತಗೋಬಹುದು. ನಿಮ್ಮ ಮನೆ ಮಕ್ಕಳಿಗೂ ಒಮ್ಮೆ ಹೇಳಿ ನೋಡಿ.