ಎಕ್ಸ್‌ರೇಗೆ ಸಿಗದ ಕಾಯಿಲೆ: ಕೆಜಿಎಫ್ ಗಣಿ ಮತ್ತು ಒಂಬತ್ತು ಪ್ರಶ್ನೆಗಳು

ಕೆಜಿಎಫ್ ಗಣಿಯಲ್ಲಿ ಅಳೆಯದೆ ಬಿಟ್ಟದ್ದು ಕಡಿಮೆ. ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಚಿನ್ನ, ಎಷ್ಟು ಆಳದಲ್ಲಿ ಎಷ್ಟು ಬಿಸಿ, ಎಲ್ಲಕ್ಕೂ ಲೆಕ್ಕವಿತ್ತು. 1940ರ ದಶಕದಲ್ಲಿ ಕಾರ್ಮಿಕರ ಎದೆಯನ್ನೂ ಪರೀಕ್ಷಿಸಿದರು. 7,000ಕ್ಕೂ ಹೆಚ್ಚು ಮಂದಿಯಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಅದು. ಎಕ್ಸ್‌ರೇಯಲ್ಲಿ ಕಾಣುತ್ತದೆ.

ಮನಸ್ಸಿಗೆ ಎಕ್ಸ್‌ರೇ ಇಲ್ಲ. ಖಿನ್ನತೆಯನ್ನು ಹೇಳುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. (ಡಾಕ್ಟರು ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದುಕೊಟ್ಟರೆ ಅದು ಸುಸ್ತಿಗೆ ಬೇರೆ ಕಾರಣ ಇದೆಯೇ ಎಂದು ನೋಡಲು.) ಕೇಳಿಯೇ ತಿಳಿಯಬೇಕು. ಹಾಗೆ ಕೇಳಿ ಅಂಕ ಹಾಕುವ ಹೆಸರಾಂತ ಪಟ್ಟಿಗಳನ್ನು ಇಂಗ್ಲೆಂಡಿನಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ, ಅಮೆರಿಕದಲ್ಲಿ ಏರನ್ ಬೆಕ್ 1961ರಲ್ಲಿ ಪ್ರಕಟಿಸಿದರು.

ನಮ್ಮ ಕಡೆ 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಯಿತು. ಅದರ ವೈದ್ಯರು ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿ ಆಸ್ಪತ್ರೆಯ ಸಿಬ್ಬಂದಿಯೇ ಮಾನಸಿಕ ಕಾಯಿಲೆ ಗುರುತಿಸುವಂತೆ ತರಬೇತಿ ಕೊಟ್ಟರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ಮಾಡಿ ನೋಡಿದರು. ಆ ಮಾದರಿಯನ್ನು ಕೇಂದ್ರ ಸರ್ಕಾರ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೂ ಒಯ್ಯತೊಡಗಿತು.

2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು. ಅದೇ ವರ್ಷ ಅಮೆರಿಕದಲ್ಲಿ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಒಂದು ಪುಟದ ಪಟ್ಟಿ ಪ್ರಕಟವಾಯಿತು. ಎರಡಕ್ಕೂ ಸಂಬಂಧವಿಲ್ಲ. ಆದರೂ ಅಂಥ ಪಟ್ಟಿ ಆ ವರ್ಷ ಬೇಕಾಗಿದ್ದ ಊರು ಯಾವುದು ಎಂದು ಕೇಳಿದರೆ ನಾವು ಕೆಜಿಎಫ್ ಎನ್ನುತ್ತೇವೆ. ಮೂರು ನಾಲ್ಕು ತಲೆಮಾರಿನ ಕೆಲಸ ಹೋಗಿತ್ತು. ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದರು.

ಪಟ್ಟಿ ಕೇಳುವುದು ಕಳೆದ ಎರಡು ವಾರದ ಸಂಗತಿ. ಯಾವುದರಲ್ಲೂ ಆಸಕ್ತಿ ಇಲ್ಲವೇ, ಬೇಸರವೇ, ನಿದ್ದೆ, ಸುಸ್ತು, ಊಟ ಹೇಗಿದೆ, ನಾನು ಕೆಲಸಕ್ಕೆ ಬಾರದವನು ಅನ್ನಿಸುತ್ತಿದೆಯೇ, ಗಮನ ನಿಲ್ಲುತ್ತಿಲ್ಲವೇ, ನಡೆ ನುಡಿ ನಿಧಾನವಾಗಿದೆಯೇ ಅಥವಾ ಚಡಪಡಿಕೆಯೇ, ಸಾಯುವ ಯೋಚನೆ ಬರುತ್ತಿದೆಯೇ. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರು ಕೂತು ವಿವರವಾಗಿ ವಿಚಾರಿಸಬೇಕು. ಇದು ಜರಡಿ ಮಾತ್ರ. ಕಾಯಿಲೆ ಇದೆ ಎಂಬ ತೀರ್ಪಲ್ಲ.

ಗಣಿಯವರ ವಿಷಯದಲ್ಲಿ ಜರಡಿ ಹಿಡಿಯುವುದು ಇನ್ನೂ ಕಷ್ಟ. ಸುಸ್ತು, ನಿದ್ದೆಗೇಡು ಸಿಲಿಕೋಸಿಸ್‌ನಿಂದಲೂ ಬರುತ್ತದೆ, ನಾಲ್ಕು ಗಂಟೆಗೆ ಎದ್ದು ರೈಲು ಹಿಡಿಯುವುದರಿಂದಲೂ ಬರುತ್ತದೆ. ಇನ್ನು ಭಾಷೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ತಮಿಳು, ತೆಲುಗು. ಕನ್ನಡದ ಮನೆಯಲ್ಲೂ ‘ನನಗೆ ಖಿನ್ನತೆ’ ಎಂದು ಯಾರು ಹೇಳುತ್ತಾರೆ? ಎದೆ ಭಾರ, ತಲೆನೋವು, ಏನೂ ಬೇಡ ಅನ್ನಿಸುತ್ತೆ ಎನ್ನುತ್ತಾರೆ.

ಕೊನೆಯ ಪ್ರಶ್ನೆಗೆ ‘ಹೌದು’ ಎಂದರೆ ಒಟ್ಟು ಅಂಕ ಎಷ್ಟೇ ಇರಲಿ, ಕಾಯಬಾರದು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾತಾಡಬಹುದು.