ಕಾಸಪರೀಕ್ಷೆಯ ಪರಂಪರೆ

ಕೆಮ್ಮಿಗೆ ನಮ್ಮ ಪ್ರಾಚೀನ ವೈದ್ಯರು ಇಟ್ಟ ಹೆಸರು ಕಾಸ. ಚರಕಸಂಹಿತೆಯು ಇದನ್ನು ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜವೆಂದು ಐದು ಬಗೆಯಾಗಿ ವಿಂಗಡಿಸಿರುವುದು. ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರರಿಂದ ಪರೀಕ್ಷಿಸಬೇಕೆಂಬುದು ವಾಗ್ಭಟನ ಮತ.

ಪಾಶ್ಚಾತ್ಯರಲ್ಲಿ ಸ್ಪರ್ಶನ ದರ್ಶನಗಳು ಬಹುವಾಗಿ ಬೆಳೆದುವು. 1761ರಲ್ಲಿ ವಿಯೆನ್ನಾದ ಔಯೆನ್‌ಬ್ರುಗ್ಗರನು ಎದೆಯನ್ನು ಬೆರಳಿನಿಂದ ತಟ್ಟಿ ನಾದಭೇದವನ್ನರಿಯುವ ಕ್ರಮವನ್ನು ಪ್ರಕಟಿಸಿದನು. 1816ರಲ್ಲಿ ಪ್ಯಾರಿಸಿನ ಲೆನೆಕ್ಕನು ಸ್ಟೆತಾಸ್ಕೋಪನ್ನು ಕಲ್ಪಿಸಿದನು; ಅನ್ಯರ ಎದೆಯನ್ನಾಲಿಸಿದ ಆ ಮಹನೀಯನೇ 1826ರಲ್ಲಿ ಕ್ಷಯಕ್ಕೆ ತುತ್ತಾದನು. 1882ರಲ್ಲಿ ಕಾಖನು ಕ್ಷಯಾಣುವನ್ನು ತೋರಿಸಿಕೊಟ್ಟನು; 1895ರಲ್ಲಿ ರಂಟ್ಗನನು ಕ್ಷಕಿರಣಗಳನ್ನು ಕಂಡುಹಿಡಿದನು.

ಆದರೂ ಎದೆಯ ಚಿತ್ರದಲ್ಲಿ ದೋಷವಿಲ್ಲದೆ ಕೆಮ್ಮುವವರು ಉಳಿದೇ ಇದ್ದರು. 1981ರಲ್ಲಿ ಅಮೆರಿಕದ ಇರ್ವಿನ್ನನೂ ಸಂಗಡಿಗರೂ ದೀರ್ಘಕಾಸದ ರೋಗಿಗಳನ್ನು ಕ್ರಮವಾಗಿ ಪರೀಕ್ಷಿಸಿ, ಮೂಗಿನ ಹಿಂಬದಿಯಿಂದ ಗಂಟಲಿಗಿಳಿಯುವ ಸ್ರಾವ, ಆಸ್ತಮ, ಜಠರದಿಂದ ಮೇಲೇರುವ ಆಮ್ಲ ಇವೂ ಮುಖ್ಯ ಕಾರಣಗಳೆಂದು ತೋರಿಸಿದರು. ಇಂದು ಪ್ರೌಢರಲ್ಲಿ 8 ವಾರ ಮೀರಿದ ಕೆಮ್ಮನ್ನು ದೀರ್ಘಕಾಸವೆನ್ನುವರು. ರಾತ್ರಿ ಹೆಚ್ಚುವುದೇ, ಕಫದಲ್ಲಿ ರಕ್ತವುಂಟೇ, ಮೈ ಇಳಿದಿದೆಯೇ, ಯಾವ ಔಷಧ ಸೇವಿಸುತ್ತಿರುವಿರಿ ಎಂದು ವೈದ್ಯನು ಕೇಳಲೇಬೇಕು; ಏಕೆಂದರೆ ರಕ್ತದೊತ್ತಡದ ಕೆಲವು ಔಷಧಗಳೇ ಒಣಕೆಮ್ಮನ್ನು ತರುವುವು.

ಎಲ್ಲವನ್ನೂ ಶೋಧಿಸಿದ ಮೇಲೂ ಕಾರಣ ತಿಳಿಯದಿದ್ದರೆ ಅದು ರೋಗಿಯ ಭ್ರಮೆಯಲ್ಲ. ಕೆಮ್ಮನ್ನೆಬ್ಬಿಸುವ ನರಗಳ ಅತಿಸೂಕ್ಷ್ಮತೆಯು ಅಂತಹವರಲ್ಲಿ ಕಂಡುಬಂದಿರುವುದು. ಯಂತ್ರಗಳು ಮೌನವಾದೆಡೆಯಲ್ಲಿ ರೋಗಿಯ ಮಾತೇ ಪ್ರಮಾಣ. ವಾಗ್ಭಟನ ಮೂರನೆಯ ಸಾಧನವು ಇನ್ನೂ ಸವೆದಿಲ್ಲ.